ಮನೆಯ ದುರಸ್ತಿ, ಮರದ ಕೆಲಸ

ಸೊಲ್ಲಾಪುರ ಜಿಲ್ಲೆಯ ಮಂದ್ರೂಪ, ಅಕ್ಕಲಕೋಟೆ ಸೀಮೆಯ ಹಳೆಯ ಮನೆಗಳಲ್ಲಿ ಮಣ್ಣಿನ ಮಾಳಿಗೆಯ ಭಾರವನ್ನು ಕಂಬ, ತೊಲೆ, ಜಂತಿಗಳು ಹೊರುತ್ತವೆ. ದುರಸ್ತಿಯ ವೇಳೆ ಅವುಗಳನ್ನು ಮುಟ್ಟುವುದು ಅನುಭವಿ ಬಡಿಗರ ಕೆಲಸ. ಹೊಸದಾಗಿ ಕಲಿಯುವವರಿಗೆ ಮಣೆ, ಗೋಡೆಗೂಡಿನ ಹಲಗೆ, ಕಿಟಕಿಯ ಸಣ್ಣ ಕದ ತಕ್ಕವು.

ಮೊದಲನೆಯದು ಮರದ ಆಯ್ಕೆ. ಜಾಲಿ ಬಹಳ ಗಟ್ಟಿ, ಹೊಸ ಕೈಗೆ ಬೇಗ ಬಗ್ಗದು. ಬೇವಿಗೆ ಹುಳುವಿನ ಕಾಟ ಕಡಿಮೆ. ಸಾಗವಾನಿ ಕೆಲಸಕ್ಕೆ ಹದವಾದರೂ ತುಟ್ಟಿ. ಹಳೆಯ ಬಾಗಿಲಿನ ಹಲಗೆ ಸಿಕ್ಕರೆ ಮೊಳೆ ಕಿತ್ತು ಮತ್ತೆ ಬಳಸಬಹುದು.

ಎರಡನೆಯದು ಒಣಗಿಸುವುದು. ಹಸಿ ಮರ ಉದ್ದದಲ್ಲಿ ಕುಗ್ಗುವುದು ತೀರ ಕಡಿಮೆ, ಅಗಲದಲ್ಲಿ ಹೆಚ್ಚು. ಸೊಲ್ಲಾಪುರದ ಬೇಸಿಗೆ 40 ಡಿಗ್ರಿ ದಾಟುವುದರಿಂದ ಹಸಿ ಹಲಗೆ ಸೀಳು ಬಿಡುತ್ತದೆ. ಹಲಗೆಗಳ ನಡುವೆ ಪಟ್ಟಿ ಇಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಬೇಕು. ಮಳೆಗಾಲದಲ್ಲಿ ಮರ ಉಬ್ಬುವುದರಿಂದ ಕದಕ್ಕೂ ಚೌಕಟ್ಟಿಗೂ ನಡುವೆ ಚೂರು ಸಂದು ಬೇಕು.

ಮೂರನೆಯದು ಅಳತೆ. ಮಣ್ಣಿನ ಗೋಡೆಯ ಮೂಲೆಗಳು ನೇರವಿರುವುದು ಅಪರೂಪ. ಗೂಡಿನ ಅಗಲವನ್ನು ಹಿಂದೆ, ಮುಂದೆ ಎರಡೂ ಕಡೆ ಅಳೆದು ಗೆರೆ ಹಾಕಬೇಕು. ಗರಗಸ ಗೆರೆಯ ಹೊರಬದಿಯಲ್ಲೇ ಓಡಬೇಕು. ಮಿಕ್ಕಿದ ಮರವನ್ನು ಕೀಸಿ ತೆಗೆಯಬಹುದು. ಕಡಿಮೆ ಬಿದ್ದ ಹಲಗೆಯನ್ನು ಬೆಳೆಸಲಾಗದು. ಕಡೆಗೆ ಅಗಸೆ ಎಣ್ಣೆ ಸವರಿದರೆ ಮರ ತೇವವನ್ನು ನಿಧಾನವಾಗಿ ಹೀರುತ್ತದೆ. ಮರದ ಗುಣವನ್ನು ಅರಿತು ಅವಸರ ಬಿಡುವುದೇ ಈ ಕೆಲಸದ ಮೊದಲ ಪಾಠ.