ಮಕ್ಕಳ ಲಸಿಕೆಗೆ ಮೊಬೈಲ್ ನೆನಪೋಲೆ: ನಮ್ಮ ಸಂಘ ಮಾಡಬಹುದಾದ್ದೇನು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. ಅದರಲ್ಲೂ ಮಳೆ ಕಡಿಮೆ ಬೀಳುವ, ಮೇವಿಗೆ ಪರದಾಡುವ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ. ಮೊದಲಿಗೆ ನಿಮಗೆಲ್ಲ ಅಭಿನಂದನೆಗಳು. ಹಾಲಿನ ಸಂಘದ ಹಬ್ಬದಲ್ಲಿ ಮಕ್ಕಳ ಲಸಿಕೆ ವಿಚಾರ ಯಾಕೆ ಅಂತ ಕೆಲವರು ಕೇಳಬಹುದು. ಈ ಎರಡು ತಾಲ್ಲೂಕುಗಳ ಹಳ್ಳಿ, ಹಟ್ಟಿಗಳಲ್ಲಿ ಲಸಿಕೆ ಕೆಲಸ ಮಾಡುವ ನಾವು ಇಲ್ಲಿಗೆ ಬಂದಿರುವುದಕ್ಕೆ ಕಾರಣ ಇದೆ. ಹಳ್ಳಿಯಲ್ಲಿ ದಿನಕ್ಕೆ ಎರಡು ಸಲ, ತಪ್ಪದೆ, ಮನೆಮನೆಯಿಂದ ಜನ ಬಂದು ಸೇರುವ ಜಾಗ ಎಂದರೆ ಹಾಲಿನ ಡೇರಿ ಒಂದೇ. ಆ ಜಾಗದ ಸಹಾಯ ನಮಗೆ ಬೇಕು.

ನಾವು ಬಹಳ ದೂರ ನಡೆದು ಬಂದಿದ್ದೇವೆ. 1977ರಲ್ಲಿ ನಮ್ಮ ದೇಶ ಸಿಡುಬಿನಿಂದ ಮುಕ್ತವಾಯಿತು ಎಂದು ಘೋಷಣೆಯಾಯಿತು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾಯಿತು. 1995ರಲ್ಲಿ ಪಲ್ಸ್ ಪೋಲಿಯೊ ಬಂತು. ದೇಶದ ಕಡೆಯ ಪೋಲಿಯೊ ರೋಗಿ ಸಿಕ್ಕಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್‌ನಲ್ಲಿ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಎಲ್ಲ ಮೂಲ ಲಸಿಕೆ ಪಡೆದವರು ಕರ್ನಾಟಕದಲ್ಲಿ 2015-16ರಲ್ಲಿ ಶೇ. 62.6 ಇದ್ದರು, 2019-20ರಲ್ಲಿ ಶೇ. 84.1 ಆದರು. ಸಂತೋಷದ ವಿಷಯ. ಆದರೆ ಇನ್ನೊಂದು ಕಡೆಯಿಂದ ನೋಡಿದರೆ, ನೂರಕ್ಕೆ ಹದಿನಾರು ಮಕ್ಕಳು ಹೊರಗೇ ಉಳಿದರು.

ಆ ಮಕ್ಕಳು ಯಾರು? ಅವರ ತಂದೆತಾಯಿ ಲಸಿಕೆಗೆ ವಿರೋಧಿಗಳೇ? ನಮ್ಮ ಅನುಭವದಲ್ಲಿ ಅಂಥವರು ಬಹಳ ಕಡಿಮೆ. ಹುಟ್ಟಿದಾಗಿನ ಲಸಿಕೆ ಆಸ್ಪತ್ರೆಯಲ್ಲೇ ಆಗುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಆರು ವಾರಕ್ಕೆ ಒಂದು, ಹತ್ತು ವಾರಕ್ಕೆ ಒಂದು, ಹದಿನಾಲ್ಕು ವಾರಕ್ಕೆ ಒಂದು, ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ, ಮತ್ತೆ ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಅದರ ಎರಡನೆಯದು ಮತ್ತು ಬೂಸ್ಟರ್, ಐದು ದಾಟಿದ ಮೇಲೆ ಇನ್ನೊಂದು. ತವರಿನಲ್ಲಿ ಬಾಣಂತನ, ಗಂಡನ ಮನೆಗೆ ವಾಪಸು, ಶೇಂಗಾ ಕೀಳುವ ಕಾಲ, ಮೊಳಕಾಲ್ಮೂರು ಕಡೆಯಾದರೆ ಮಗ್ಗದ ಮೇಲಿನ ರೇಷ್ಮೆ ಸೀರೆ ಮುಗಿಸುವ ಆತುರ, ಕುರಿ ಹಿಂಡಿನ ಜತೆ ಮೇವು ಹುಡುಕಿ ವಲಸೆ - ಇದರ ಮಧ್ಯೆ ಹದಿನಾಲ್ಕನೇ ವಾರ ಯಾವಾಗ ಬಂತು, ಯಾವಾಗ ಹೋಯಿತು ಗೊತ್ತೇ ಆಗುವುದಿಲ್ಲ. "ಹಾಕಿಸ್ಬೇಕು ಅಂತ್ಲೇ ಇದ್ವಿ ಕಣಕ್ಕಾ, ಮರ್ತೋಯ್ತು" ಎನ್ನುವುದೇ ನಾವು ಹೆಚ್ಚಾಗಿ ಕೇಳುವ ಉತ್ತರ.

ಮರೆವಿಗೆ ಮದ್ದು ನೆನಪು. ಈ ನೆನಪು ಮಾಡುವ ಕೆಲಸಕ್ಕೇ ಮೊಬೈಲ್ ಸಂದೇಶ ಬಂದಿದೆ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡಾಗ ಎರಡನೇ ಡೋಸಿನ ಸಂದೇಶ ನಿಮ್ಮ ಫೋನಿಗೆ ಬಂದಿದ್ದು ನೆನಪಿರಬಹುದು. ಅದೇ ಮಾದರಿಯಲ್ಲಿ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಕೇಂದ್ರ ಸರ್ಕಾರ ಯು-ವಿನ್ ಎಂಬ ವ್ಯವಸ್ಥೆ ಮಾಡಿತು. 2023ರ ಜನವರಿಯಲ್ಲಿ 65 ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ಬಂದು, ನಂತರ ದೇಶಕ್ಕೆಲ್ಲ ಹರಡಿತು. ಮಗುವಿನ ಹೆಸರು ಒಮ್ಮೆ ನೋಂದಾಯಿಸಿದರೆ ಮುಂದಿನ ಲಸಿಕೆಯ ದಿನಾಂಕ ಫೋನಿಗೆ ಬರುತ್ತದೆ. ಇನ್ನೊಂದು ದೊಡ್ಡ ಅನುಕೂಲ, ಊರು ಬಿಟ್ಟು ದುಡಿಯಲು ಹೋದವರು ಹೋದ ಊರಿನಲ್ಲೇ ಲಸಿಕೆ ಹಾಕಿಸಿ ದಾಖಲೆ ಮಾಡಿಸಬಹುದು.

ಇದರಿಂದ ನಿಜವಾಗಿ ಪ್ರಯೋಜನ ಉಂಟೆ? ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಆಫ್ರಿಕಾದ ಜಿಂಬಾಬ್ವೆಯ ಕಡೋಮಾ ಎಂಬ ಪಟ್ಟಣದಲ್ಲಿ ಸಂದೇಶ ಹೋದ ತಾಯಂದಿರಲ್ಲಿ ಶೇ. 95 ಜನ ಹದಿನಾಲ್ಕನೇ ವಾರದ ಲಸಿಕೆ ಹಾಕಿಸಿದರು, ಹೋಗದವರಲ್ಲಿ ಶೇ. 75. ಆದರೆ ಕೀನ್ಯಾ ದೇಶದ ಪಶ್ಚಿಮ ಭಾಗದ ಹಳ್ಳಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಏನೂ ಕಳಿಸದ ಕಡೆ ಶೇ. 82 ಮಕ್ಕಳಿಗೆ ಪೂರ್ತಿ ಲಸಿಕೆ ಆಗಿದ್ದರೆ, ಬರೀ ಸಂದೇಶ ಹೋದ ಕಡೆ ಶೇ. 86, ಸಂದೇಶದ ಜತೆ ಪ್ರತಿ ಲಸಿಕೆಗೆ 200 ಷಿಲಿಂಗ್ ಕೊಟ್ಟ ಕಡೆ ಶೇ. 90. ಅಂದರೆ ಸಂದೇಶ ಒಂದು ಕಡೆ ಚೆನ್ನಾಗಿ ಫಲಿಸಿತು, ಇನ್ನೊಂದು ಕಡೆ ಅಷ್ಟಕ್ಕಷ್ಟೆ.

ನಮಗೆ ಹತ್ತಿರದ ಪಾಠ ಹರಿಯಾಣದ್ದು. 2019ರಲ್ಲಿ ನೊಬೆಲ್ ಬಹುಮಾನ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಅಲ್ಲಿನ ಹಳ್ಳಿಗಳಲ್ಲಿ ಒಂದು ಕೆಲಸ ಮಾಡಿದರು. "ನಿಮ್ಮ ಊರಲ್ಲಿ ಒಂದು ಸುದ್ದಿ ಹೇಳಿದರೆ ಬೇಗ ಎಲ್ಲರಿಗೂ ಮುಟ್ಟಿಸುವವರು ಯಾರು?" ಎಂದು ಜನರನ್ನೇ ಕೇಳಿದರು. ಹಾಗೆ ಗುರುತಿಸಿದವರಿಗೆ ಲಸಿಕೆ ದಿನದ ಸುದ್ದಿ ಕೊಟ್ಟರು, ತಂದೆತಾಯಿಗಳ ಫೋನಿಗೂ ಸಂದೇಶ ಕಳಿಸಿದರು. ಕೆಲವು ಕಡೆ ಸಣ್ಣ ಬಹುಮಾನವನ್ನೂ ಸೇರಿಸಿದರು. ಮೂರೂ ಸೇರಿ, ಬಹುಮಾನವನ್ನು ಲಸಿಕೆಯಿಂದ ಲಸಿಕೆಗೆ ಏರಿಸುತ್ತಾ ಹೋದ ಕಡೆ ಲಸಿಕೆಗಳ ಸಂಖ್ಯೆ ಶೇ. 44ರಷ್ಟು ಏರಿತು. ಖರ್ಚಿನ ಲೆಕ್ಕ ಹಾಕಿದಾಗ ಮಾತ್ರ ಎಲ್ಲಕ್ಕಿಂತ ಲಾಭವಾಗಿದ್ದು ಬಹುಮಾನವಿಲ್ಲದ ಜೋಡಿ: ಫೋನಿನ ಸಂದೇಶ ಮತ್ತು ಊರಿನ ಬಾಯಿ. ಇದನ್ನು ದಯವಿಟ್ಟು ಮನಸ್ಸಿನಲ್ಲಿಡಿ. ನಮ್ಮ ಮಾತಿನ ತಿರುಳೇ ಇದು.

ಈಗ ನಮ್ಮ ಸೀಮೆಗೆ ಬರೋಣ. ಸಂದೇಶ ಬರುತ್ತದೆ, ಸರಿ. ಯಾರ ಫೋನಿಗೆ? ಬಹಳ ಮನೆಗಳಲ್ಲಿ ಬರೆಸಿರುವುದು ಯಜಮಾನರ ನಂಬರು. ಅವರು ಕುರಿ ಹಿಂದೆ ಹೋಗಿರುತ್ತಾರೆ, ಇಲ್ಲವೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿರುತ್ತಾರೆ. ತಾಯಿ ಮನೆಯಲ್ಲಿ, ಸಂದೇಶ ಬೆಂಗಳೂರಿನಲ್ಲಿ! ಕೆಲವರ ನಂಬರು ಬದಲಾಗಿದೆ. ಗಡಿ ಹಳ್ಳಿಗಳವರು ಆಗಾಗ್ಗೆ ರಾಯದುರ್ಗ, ಕಲ್ಯಾಣದುರ್ಗದ ಕಡೆ ಓಡಾಡುತ್ತಾರೆ, ಹೆರಿಗೆ ಅಲ್ಲಿ, ವಾಸ ಇಲ್ಲಿ. ಮನೆಯಲ್ಲಿ ತೆಲುಗು ಆಡುವವರಿದ್ದಾರೆ. ಓದು ಬಾರದ ಅಜ್ಜಿಯ ಕೈಯಲ್ಲಿ ಮಗು ಇರುತ್ತದೆ. ಸಾಲದ ಜಾಹೀರಾತು, ರೀಚಾರ್ಜಿನ ಜಾಹೀರಾತು ನೂರು ಬಂದು ಬಿದ್ದಿರುವಾಗ ಲಸಿಕೆಯದು ಅದರಡಿ ಮುಚ್ಚಿಹೋಗುತ್ತದೆ.

ಇನ್ನೊಂದು ಸಣ್ಣ ವಿಷಯ ಹೇಳುತ್ತೇವೆ. ಇಂಗ್ಲಿಷಿನಲ್ಲಾದರೆ ಒಂದು ಸಂದೇಶದಲ್ಲಿ 160 ಅಕ್ಷರ ಹಿಡಿಸುತ್ತದೆ, ಕನ್ನಡದಲ್ಲಾದರೆ 70 ಮಾತ್ರ. ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆಬೇರೆ ಲೆಕ್ಕ. 'ಲಸಿಕೆ' ಎಂಬ ಮೂರಕ್ಷರ ಯಂತ್ರಕ್ಕೆ ಐದು. ಆದ್ದರಿಂದ ಉದ್ದುದ್ದ ಉಪದೇಶ ಬೇಡ. "ಮಗುವಿಗೆ 9 ತಿಂಗಳು. ಗುರುವಾರ ದಡಾರ ಲಸಿಕೆ. ತಾಯಿ ಕಾರ್ಡ್ ತನ್ನಿ." ಇಷ್ಟು ಒಂದೇ ಸಂದೇಶದಲ್ಲಿ ಹಿಡಿಸುತ್ತದೆ, ಇಷ್ಟೇ ಸಾಕು.

ಹಾಗಾದರೆ ಸಂಘ ಏನು ಮಾಡಬಹುದು? ನಾಲ್ಕು ಮಾತು ಮುಂದಿಡುತ್ತೇವೆ.

ಒಂದು, ನಂಬರು ಸರಿಪಡಿಸುವುದು. ಹಾಲಿನ ಬಟವಾಡೆಗೆ ಕೊಟ್ಟ ನಂಬರು ಸದಸ್ಯರು ಸಾಮಾನ್ಯವಾಗಿ ಬಿಡುವುದಿಲ್ಲ, ಹಣ ಬರುವ ನಂಬರಲ್ಲವೆ! ಚಿಕ್ಕ ಮಕ್ಕಳಿರುವ ಸದಸ್ಯರು ಆ ನಂಬರನ್ನು, ಸಾಧ್ಯವಾದರೆ ತಾಯಿಯ ನಂಬರನ್ನು, ತಾವೇ ಆಶಾ ಕಾರ್ಯಕರ್ತೆಗೆ ಕೊಡಲಿ. ಕಾರ್ಯದರ್ಶಿಗಳು ಒಂದು ಮಾತು ನೆನಪಿಸಿದರೆ ಸಾಕು.

ಎರಡು, ಹಾಲಿನ ದರ ಬರೆಯುವ ಕಪ್ಪು ಹಲಗೆಯ ಮೂಲೆಯಲ್ಲಿ "ಈ ಗುರುವಾರ ಲಸಿಕೆ, ಇಂಥ ಜಾಗದಲ್ಲಿ" ಎಂದು ಬುಧವಾರ ಸಂಜೆ ಬರೆಯುವುದು. ಯಾರ ಮಗುವಿಗೆ ಬಾಕಿ ಇದೆ ಎಂದು ಹೆಸರು ಮಾತ್ರ ಬರೆಯಬೇಡಿ. ಸಾಲದ ಬಾಕಿದಾರರ ಪಟ್ಟಿಯಂತೆ ತೂಗುಹಾಕಿದರೆ ತಾಯಿ ನಾಚಿಕೊಂಡು ಇನ್ನೂ ದೂರ ಸರಿಯುತ್ತಾಳೆ.

ಮೂರು, ಊರಿನ ಬಾಯಿ. ಪ್ರತಿ ಕೇರಿಗೆ, ಪ್ರತಿ ಹಟ್ಟಿಗೆ ಒಬ್ಬ ಮಹಿಳಾ ಸದಸ್ಯರು ಈ ಸುದ್ದಿ ಮುಟ್ಟಿಸುವ ಹೊಣೆ ಹೊರಲಿ. ಬಾಣಂತಿಯನ್ನು ಊರಾಚೆ ಇರಿಸುವ ಪದ್ಧತಿ ಕೆಲವು ಹಟ್ಟಿಗಳಲ್ಲಿ ಪೂರ್ತಿ ಹೋಗಿಲ್ಲ. ಹಿರಿಯರು ಕೋಪಿಸಿಕೊಳ್ಳಬಾರದು, ಎಳೆಗೂಸಿಗೆ ಬೆಚ್ಚನೆ ಮನೆಯೂ ಬೇಕು, ಹೊತ್ತಿಗೆ ಲಸಿಕೆಯೂ ಬೇಕು. ಅಲ್ಲಿಗೆ ಫೋನು ತಲುಪದಿದ್ದರೂ ಒಬ್ಬ ಹೆಣ್ಣುಮಗಳ ಮಾತು ತಲುಪುತ್ತದೆ.

ನಾಲ್ಕು, ಓದಿ ಹೇಳುವುದು. ಹಾಲು ಹಾಕಲು ಬರುವ ಓದಿದ ಹುಡುಗರು ಅಕ್ಕಪಕ್ಕದವರ ಫೋನು ನೋಡಿ ತಿಳಿಸಲಿ, ತೆಲುಗಿನವರಿಗೆ ತೆಲುಗಿನಲ್ಲೇ ತಿಳಿಸಲಿ. ಆಸ್ಪತ್ರೆಯ ಸಂದೇಶ ಎಂದೂ ಓಟಿಪಿ ಅಥವಾ ಹಣ ಕಳಿಸಿ ಎಂದು ಕೇಳುವುದಿಲ್ಲ, ಕೇಳಿದರೆ ಅದು ಮೋಸ ಎಂದೂ ಹೇಳಲಿ.

ತಾಯಂದಿರ ಎರಡು ಸಂದೇಹಗಳಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇವೆ. "ಇಂಜೆಕ್ಷನ್ ಹಾಕಿಸಿದ್ರೆ ಜ್ವರ ಬರ್ತೈತೆ, ಮಗ ರಾತ್ರಿಯೆಲ್ಲ ಅಳ್ತೈತೆ" ಎನ್ನುತ್ತೀರಿ. ನಿಜ, ಒಂದೆರಡು ದಿನ ಸಣ್ಣ ಜ್ವರ, ತೊಡೆಯಲ್ಲಿ ನೋವು ಬರಬಹುದು. ನರ್ಸಮ್ಮ ಹೇಳಿದಷ್ಟು ಅಳತೆಯ ಜ್ವರದ ಔಷಧಿ ಕೊಡಿ, ಎದೆಹಾಲು ನಿಲ್ಲಿಸಬೇಡಿ. ಜ್ವರ ಜಾಸ್ತಿಯಾದರೆ, ಮಗು ಮಂಕಾದರೆ ಕೂಡಲೆ ಆಸ್ಪತ್ರೆಗೆ ತನ್ನಿ. "ಒಂದು ತಪ್ಪಿಹೋಯ್ತು, ಇನ್ನು ಹೋದ್ರೆ ಬೈತಾರೆ" ಎನ್ನುತ್ತೀರಿ. ತಪ್ಪಿದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ದಡಾರದ ಲಸಿಕೆಯನ್ನು ಐದು ವರ್ಷ ತುಂಬುವವರೆಗೂ ಹಾಕುತ್ತಾರೆ. ತಡವಾದರೂ ಬನ್ನಿ, ಬರದೆ ಮಾತ್ರ ಇರಬೇಡಿ. ದಡಾರ ಎದ್ದಾಗ ಅಮ್ಮ ಬಂದಳೆಂದು ಬೇವು ಕಟ್ಟುತ್ತೀರಿ, ಹರಕೆ ಹೊರುತ್ತೀರಿ. ಗೌರಸಮುದ್ರದ ಮಾರಮ್ಮನಿಗೆ ಮಾಡುವ ಸೇವೆ ಮಾಡಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ದಡಾರದ ಹಿಂದೆಯೇ ಬರುವ ನ್ಯುಮೋನಿಯಾ ಮಗುವಿನ ಪ್ರಾಣಕ್ಕೆ ಎರವಾಗುತ್ತದೆ. ಅದನ್ನು ತಡೆಯುವುದು ಮುಂಚೆಯೇ ಹಾಕಿಸಿದ ಎರಡು ಡೋಸು.

ಬಂಧುಗಳೆ, ನಿಮ್ಮ ಹಸು ಎಮ್ಮೆಗಳ ಕಿವಿ ನೋಡಿ. 2019ರಲ್ಲಿ ಶುರುವಾದ ಕಾಲುಬಾಯಿ ರೋಗದ ಕಾರ್ಯಕ್ರಮದಲ್ಲಿ ಹನ್ನೆರಡು ಅಂಕಿಯ ಓಲೆ ಹಾಕಿದ್ದಾರೆ, ಆರು ತಿಂಗಳಿಗೊಮ್ಮೆ ಲಸಿಕೆ ಬರುತ್ತದೆ. ಒಂದು ರಾಸು ಬಿಟ್ಟುಹೋದರೆ ಇಡೀ ಕೊಟ್ಟಿಗೆಗೆ ಅಪಾಯ ಎಂಬುದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಕ್ಕಳದೂ ಅದೇ ಲೆಕ್ಕ. ದಡಾರ ಊರೊಳಗೆ ಹಬ್ಬದಿರಬೇಕಾದರೆ ನೂರಕ್ಕೆ ತೊಂಬತ್ತೈದು ಮಕ್ಕಳಿಗಾದರೂ ಎರಡೂ ಡೋಸು ಆಗಿರಬೇಕು. ಆಗ ಇನ್ನೂ ಒಂಬತ್ತು ತಿಂಗಳು ತುಂಬದ ಕೂಸಿಗೂ ಸುತ್ತಲಿನ ಮಕ್ಕಳೇ ಬೇಲಿಯಾಗುತ್ತಾರೆ. ಎಲ್ಲರಿಗಾಗಿ ತಾನು, ತನಗಾಗಿ ಎಲ್ಲರು ಎಂಬ ಸಹಕಾರದ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಫೋನು ಗಂಟೆ ಬಾರಿಸುತ್ತದೆ, ಅಷ್ಟೆ. ಮಗುವನ್ನು ಎತ್ತಿಕೊಂಡು ಹೊರಡಬೇಕಾದವರು ಮನುಷ್ಯರು. ಮುಂದಿನ ಗುರುವಾರದಿಂದಲೇ ಡೇರಿಯ ಹಲಗೆಯ ಮೇಲೆ ಆ ಒಂದು ಸಾಲು ಕಾಣಲಿ ಎಂದು ಆಡಳಿತ ಮಂಡಳಿಯವರಲ್ಲಿ ಕೇಳಿಕೊಳ್ಳುತ್ತೇವೆ.  ಸಂಘ ಹೀಗೆಯೇ ಬೆಳೆದು ಚಿನ್ನದ ಹಬ್ಬ ಆಚರಿಸಲಿ, ಇಂದಿನ ಕೂಸುಗಳು ಅಂದು ಸದಸ್ಯರಾಗಿ ಮುಂದಿನ ಸಾಲಿನಲ್ಲಿ ಕೂರಲಿ.