ಮಿಕ್ಕುಳಿದ ಅಕ್ಷರ

ನಿಮ್ಮ ಮನೆಯ ಹುಡುಗನೊಬ್ಬ ಕಾಲೇಜಿನಲ್ಲಿ ‘ಸಿ’ ಎಂಬ ಗಣಕಭಾಷೆಯನ್ನು ಕಲಿಯುತ್ತಿರಬಹುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು 1972ರ ಸುಮಾರಿಗೆ ರೂಪಿಸಿದ ಭಾಷೆಯದು. ವಯಸ್ಸನ್ನೂ ಊರನ್ನೂ ಕೇಳುವ ಸಣ್ಣ ಪ್ರೋಗ್ರಾಂ ಒಂದನ್ನು ಅವನು ಬರೆದನೆನ್ನಿ. ವಯಸ್ಸು 16 ಎಂದು ಒತ್ತಿದ್ದಾಯಿತು. ಊರನ್ನು ಬರೆಯಲು ಅವಕಾಶವನ್ನೇ ಕೊಡದೆ ಯಂತ್ರ ಮುಂದಕ್ಕೆ ಹೋಯಿತು. ತಾನು ದಡ್ಡನೆಂದು ಹುಡುಗ ಪುಸ್ತಕ ಮುಚ್ಚುತ್ತಾನೆ. ಮಿಕ್ಕುಳಿದ ಒಂದೇ ಒಂದು ಅಕ್ಷರ ಹೀಗೆ ಮಾಡಿತೆಂದು ಅವನಿಗೆ ಹೇಳುವವರಿಲ್ಲ.

16 ಎಂದು ಬರೆದು ಎಂಟರ್ ಒತ್ತಿದಾಗ ಒಳಕ್ಕೆ ಹೋಗುವುದು ಮೂರು ಅಕ್ಷರ: ಒಂದು, ಆರು, ಮತ್ತು ಸಾಲು ಮುಗಿಯಿತೆಂಬ ಗುರುತು. ಸಂಖ್ಯೆಯನ್ನು ಓದುವ ಸ್ಕ್ಯಾನ್‌ಎಫ್ ಮೊದಲೆರಡನ್ನು ಎತ್ತಿಕೊಂಡು ಮೂರನೆಯದನ್ನು ಸರದಿಯಲ್ಲಿಯೇ ಬಿಡುತ್ತದೆ. ಬಳಿಕ ಸಾಲನ್ನು ಓದಲು ಬಂದ ಎಫ್‌ಗೆಟ್ಸ್ ಆ ಗುರುತನ್ನು ಕಂಡೊಡನೆ, ಬರಿಯ ಸಾಲೊಂದು ಬಂತೆಂದು ಹಿಂದಿರುಗುತ್ತದೆ. ವ್ಯಾಕರಣದ ಯಕಾರಾಗಮ ವಕಾರಾಗಮಗಳು ಉಚ್ಚಾರದ ಅನುಕೂಲಕ್ಕೆ ಬರುತ್ತವೆ. ಇದು ಅನನುಕೂಲಕ್ಕೆಂದೇ ಬಂದ ಆಗಮ!

ಇದಕ್ಕೆ ಎಫ್‌ಫ್ಲಶ್ ಎಂಬ ಮದ್ದನ್ನು ಹೇಳಿಕೊಡುವವರುಂಟು. ಅದು ಹೊರಹೋಗುವ ಅಕ್ಷರಗಳಿಗಾಗಿ ಇರುವಂಥದು. ಒಳಬರುವವಕ್ಕೆ ಪ್ರಯೋಗಿಸಿದರೆ ಏನಾಗಬೇಕೆಂದು ಭಾಷೆಯ ಶಾಸ್ತ್ರ ವಿಧಿಸಿಲ್ಲವಾದ್ದರಿಂದ, ಒಂದು ಗಣಕದಲ್ಲಿ ಫಲಿಸಿದ್ದು ಇನ್ನೊಂದರಲ್ಲಿ ಫಲಿಸದು. ಸಾಲಿನ ಗುರುತು ಸಿಗುವವರೆಗೆ, ಇಲ್ಲವೆ ಬರುವುದೇ ನಿಲ್ಲುವವರೆಗೆ, ಗೆಟ್‌ಚಾರ್‌ನಿಂದ ಒಂದೊಂದೇ ಅಕ್ಷರವನ್ನು ತೆಗೆದುಹಾಕಬೇಕು. ಸಂಖ್ಯೆಯನ್ನೂ ಸಾಲಾಗಿಯೇ ಓದಿ, ಆಮೇಲೆ ಅದರೊಳಗಿಂದ ಬಿಡಿಸಿಕೊಳ್ಳುವುದು ಇನ್ನೂ ಮೇಲು.

ಕನ್ನಡದಲ್ಲಿ ಬರೆಯುವಾಗ ಬೇರೊಂದು ತೊಡಕುಂಟು. ಯಾದಗಿರಿ ಜಿಲ್ಲೆಯ ನಮ್ಮ ಗುರುಮಠಕಲ್ಲನ್ನೇ ತೆಗೆದುಕೊಳ್ಳಿ. ಈಗ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಕೊಂಬಿಗೂ, ಕಡೆಯ ವ್ಯಂಜನವನ್ನು ಅರ್ಧಾಕ್ಷರ ಮಾಡುವ ಗುರುತಿಗೂ ಮೂರು ಮೂರು ಬೈಟು. ಒಟ್ಟು ಒಂಬತ್ತು ಗುರುತುಗಳ ಈ ಹೆಸರಿಗೆ 27 ಬೈಟು ಬೇಕು. ಪ್ರೋಗ್ರಾಮಿನಲ್ಲಿ 20 ಬೈಟುಗಳ ಜಾಗವಿಟ್ಟಿದ್ದರೆ, ಎಫ್‌ಗೆಟ್ಸ್ ಕೊನೆಯ ಸೊನ್ನೆಗೆಂದು ಒಂದನ್ನು ಮೀಸಲಿಟ್ಟು 19ನ್ನು ಮಾತ್ರ ಓದುತ್ತದೆ. ‘ಗುರುಮಠ’ ಒಳಗೆ ಬಂತು. ಕಕಾರ ನಡುವೆ ತುಂಡಾಯಿತು. ಮಿಕ್ಕದ್ದು ಮುಂದಿನ ಪ್ರಶ್ನೆಗೆ ಉತ್ತರವಾಗಿ ಕುಳಿತಿತು. ತಂದೆಯ ಹೆಸರು ಬರಬೇಕಾದಲ್ಲಿ ಒಡೆದ ಕಲ್ಲು!

ಇಂಥ ಕಡೆ ಮಿಕ್ಕದ್ದನ್ನು ಗುಡಿಸಿಹಾಕುವುದು ತರವಲ್ಲ. ಓದಿದ ಸಾಲಿನ ತುದಿಯಲ್ಲಿ ಗುರುತು ಇದೆಯೇ ಎಂದು ನೋಡಿ, ಇಲ್ಲವಾದರೆ ಜಾಗವನ್ನು ಹಿಗ್ಗಿಸಿ ಉಳಿದದ್ದನ್ನೂ ಸೇರಿಸಿಕೊಳ್ಳಬೇಕು. ಹಿಂದೆ ಗೆಟ್ಸ್ ಎಂಬುದೊಂದಿತ್ತು, ಜಾಗದ ಅಳತೆಯನ್ನೇ ನೋಡದೆ ತುಂಬುತ್ತಿತ್ತು. 1988ರಲ್ಲಿ ಇಂಟರ್‌ನೆಟ್ಟಿನಲ್ಲಿ ಹರಡಿದ ಮಾರಿಸ್ ಹುಳು ನುಸುಳಿದ ಸಂದಿಗಳಲ್ಲಿ ಅದೂ ಒಂದು. 2011ರ ಪರಿಷ್ಕರಣದಲ್ಲಿ ಅದನ್ನು ಭಾಷೆಯಿಂದಲೇ ತೆಗೆದರು. ಹಳೆಯ ಪಠ್ಯಪುಸ್ತಕಗಳಲ್ಲಿ ಕಂಡುಬಂದರೆ ಮಕ್ಕಳು ಅದನ್ನು ಎಫ್‌ಗೆಟ್ಸ್‌ಗೆ ತಿದ್ದಿಕೊಂಡು ಅಭ್ಯಾಸ ಮಾಡಲಿ.