ಬಯಲ ರಂಗದ ಜೀರ್ಣೋದ್ಧಾರ



ಊರ ಗುಡಿಯ ಗೋಪುರ ಬಿರುಕು ಬಿಟ್ಟಿತೆಂದರೆ ಜನ ಕೂಡಲೇ ಸಭೆ ಸೇರುತ್ತಾರೆ. ಪಟ್ಟಿ ಎತ್ತುತ್ತಾರೆ, ಗಾರೆಯವರನ್ನು ಕರೆಸುತ್ತಾರೆ, ಜೀರ್ಣೋದ್ಧಾರ ಸಮಿತಿ ಎಂದು ಹೆಸರಿಟ್ಟು ಒಂದೆರಡು ವರ್ಷಗಳಲ್ಲಿ ಕಳಸವನ್ನೂ ಏರಿಸುತ್ತಾರೆ. ಇದು ಮೆಚ್ಚತಕ್ಕ ಕಾರ್ಯವೇ. ಆದರೆ ಅದೇ ಊರಿನ ಸಾರ್ವಜನಿಕ ಉದ್ಯಾನದ ಗತಿ ಏನಾಗಿರುತ್ತದೆ, ನೋಡಿದ್ದೀರಾ? ಬೇಲಿ ಮುರಿದಿರುತ್ತದೆ, ಗಿಡಗಳಿಗೆ ನೀರಿರುವುದಿಲ್ಲ. ಒಂದು ಕಾಲಕ್ಕೆ ನಾಟಕ, ಭಾಷಣ, ಸಂಗೀತ ನಡೆದ ಬಯಲು ರಂಗಮಂದಿರದ ಮೇಲೆ ಹಗಲು ದನ ಮಲಗಿರುತ್ತವೆ, ರಾತ್ರಿ ಇಸ್ಪೀಟು ನಡೆಯುತ್ತದೆ. ಜನರನ್ನು ಕೇಳಿದರೆ 'ಅದು ಪುರಸಭೆಯದು' ಎನ್ನುತ್ತಾರೆ. ಪುರಸಭೆಯವರನ್ನು ಕೇಳಿದರೆ 'ಜನರೇ ಹಾಳು ಮಾಡಿದರು' ಎನ್ನುತ್ತಾರೆ. ಹೀಗೆ ಎಲ್ಲರದೂ ಆದದ್ದು ಕೊನೆಗೆ ಯಾರದೂ ಅಲ್ಲದ್ದಾಗಿಬಿಡುತ್ತದೆ.

ಇದು ನಮ್ಮ ದೇಶದ ರೋಗ ಮಾತ್ರವೇ? ಸಿರಿವಂತ ದೇಶಗಳಲ್ಲಿ ಹೀಗಿರಲಾರದು ಎಂದು ನಿಮ್ಮಲ್ಲಿ ಅನೇಕರು ತಿಳಿದಿರಬಹುದು. ಅದಕ್ಕಾಗಿಯೇ ಈ ದಿನ ನಾವು ಅಮೆರಿಕಾದ ಒಂದು ಊರಿನ ಸಂಗತಿಯನ್ನು ನಿಮ್ಮ ಮುಂದೆ ಇಡಲು ಬಯಸುತ್ತೇವೆ.

ಅಮೆರಿಕಾದ ದಕ್ಷಿಣ ಭಾಗದಲ್ಲಿ, ಮಿಸಿಸಿಪಿ ಎಂಬ ಮಹಾನದಿಯ ದಡದಲ್ಲಿ ಮೆಂಫಿಸ್ ಎಂಬ ನಗರವಿದೆ. 1878ರಲ್ಲಿ ಆ ಊರಿಗೆ ಹಳದಿ ಜ್ವರದ ಮಾರಿ ಬಂತು. ಸಾವಿರಾರು ಜನ ಸತ್ತರು, ಉಳಿದವರಲ್ಲಿ ಬಹಳ ಮಂದಿ ಊರು ಬಿಟ್ಟರು. ನಗರಸಭೆ ದಿವಾಳಿಯಾಗಿ ಮರುವರ್ಷ ತನ್ನ ಅಧಿಕಾರವನ್ನೇ ಕಳೆದುಕೊಂಡಿತು. ಅಂಥ ಊರು ಮತ್ತೆ ಚೇತರಿಸಿಕೊಂಡು, 1901ರಲ್ಲಿ ಸುಮಾರು 342 ಎಕರೆ ನೆಲವನ್ನು ಸಾರ್ವಜನಿಕ ಉದ್ಯಾನಕ್ಕೆಂದು ಪಡೆಯಿತು. ಅದೇ ಓವರ್‌ಟನ್ ಪಾರ್ಕ್. ಅದರೊಳಗೆ ಕೊಡಲಿ ತಾಗದ ಹಳೆಯ ಕಾಡೂ ಸೇರಿತ್ತು. ಸಾವನ್ನು ಕಂಡ ಜನರಿಗೆ ಗಾಳಿಯ ಬೆಲೆ, ನೆರಳಿನ ಬೆಲೆ ಗೊತ್ತಿತ್ತು.

ಈ ಉದ್ಯಾನದಲ್ಲಿ 1936ರಲ್ಲಿ ಒಂದು ಬಯಲು ರಂಗಮಂದಿರ ಕಟ್ಟಿದರು. ಆ ದೇಶದಲ್ಲಿ ಆಗ ಘೋರವಾದ ಆರ್ಥಿಕ ಮುಗ್ಗಟ್ಟು. ಕೈ ಗಟ್ಟಿಯಿದ್ದರೂ ಕೆಲಸವಿಲ್ಲದವರು ಲಕ್ಷಾಂತರ ಮಂದಿ. ಅಂಥವರಿಗೆ ಸುಮ್ಮನೆ ಕುಳ್ಳಿರಿಸಿ ಅನ್ನ ಹಾಕುವುದಕ್ಕಿಂತ, ಊರಿಗೆ ಉಪಯೋಗವಾಗುವ ಕೆಲಸ ಕೊಟ್ಟು ಕೂಲಿ ಕೊಡುವುದು ಲೇಸೆಂದು ಸರಕಾರ ಯೋಜನೆ ಮಾಡಿತ್ತು. ಆ ಯೋಜನೆಯಲ್ಲಿ 11,935 ಡಾಲರ್ ವೆಚ್ಚದಲ್ಲಿ ಎದ್ದ ರಂಗಮಂದಿರವಿದು. ಅರ್ಧ ತೆರೆದ ಚಿಪ್ಪಿನ ಆಕಾರ; ಅದಕ್ಕೇ ಅದನ್ನು 'ಶೆಲ್', ಅಂದರೆ ಚಿಪ್ಪು ಎಂದೇ ಕರೆಯುತ್ತಾರೆ. ಆ ಬಾಗಿದ ಗೋಡೆ ಹಾಡುಗಾರನ ದನಿಯನ್ನು ಹಿಂದಕ್ಕೆ ಚದುರಗೊಡದೆ ಮುಂದೆ ಕುಳಿತ ಜನರ ಕಡೆಗೇ ತಿರುಗಿಸುತ್ತದೆ. ಕೆಲಸವಿಲ್ಲದೆ ಕಂಗಾಲಾದ ಕೈಗಳು ಕಟ್ಟಿದ ಆ ವೇದಿಕೆ ಮುಂದೆ ಎಷ್ಟೋ ಹೊಸ ಕಂಠಗಳಿಗೆ ಆಸರೆಯಾಯಿತು. 1954ರ ಜುಲೈ 30ರಂದು ಅಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಬಡ ಹುಡುಗ, ಲಾರಿ ಓಡಿಸಿ ಜೀವನ ಮಾಡುತ್ತಿದ್ದವನು, ನಡುಗುವ ಕಾಲಲ್ಲಿ ನಿಂತು ಹಾಡಿದ. ಅವನೇ ಮುಂದೆ ಜಗತ್ತಿನಲ್ಲೆಲ್ಲ ಹೆಸರಾದ ಎಲ್ವಿಸ್ ಪ್ರೆಸ್ಲಿ. ಆ ದಿನದ ಮುಖ್ಯ ಗಾಯಕ ಬೇರೆಯವನೇ ಇದ್ದ. ಸಾರ್ವಜನಿಕ ರಂಗದ ಗುಣ ನೋಡಿ: ಹೆಸರಿಲ್ಲದವನಿಗೂ ಅದು ಒಂದು ಗಳಿಗೆ ನಿಲ್ಲಲು ಜಾಗ ಕೊಡುತ್ತದೆ.

ಇಂಥ ರಂಗಮಂದಿರಕ್ಕೂ ಕೇಡುಗಾಲ ಬಂತು. 1960ರ ದಶಕದಲ್ಲಿ ಇದನ್ನು ಕೆಡವಿ ಹೊಸ ನಾಟ್ಯಶಾಲೆ ಕಟ್ಟೋಣವೆಂದರು. ವಾದ್ಯಗೋಷ್ಠಿಯ ನಿರ್ದೇಶಕ ನೋಯೆಲ್ ಗಿಲ್ಬರ್ಟ್ ಮತ್ತು ಅವರ ಸಂಗಡಿಗರು ಸಾವಿರಾರು ಜನರ ಸಹಿ ಪಡೆದು ತಡೆದರು. 1972ರಲ್ಲಿ ಮೋಟಾರು ನಿಲ್ಲಿಸುವ ಕಟ್ಟಡಕ್ಕಾಗಿ ಕೆಡವಬೇಕೆಂದರು. ಅದೂ ತಪ್ಪಿತು. ಹೊಡೆತಗಳನ್ನೆಲ್ಲ ತಡೆದುಕೊಂಡ ರಂಗಮಂದಿರ ಕೊನೆಗೆ ಸೋತದ್ದು ಮರೆವಿನ ಮುಂದೆ. 1985ರಲ್ಲಿ ವರ್ಷವಿಡೀ ಅಲ್ಲಿ ಒಂದೇ ಒಂದು ಕಾರ್ಯಕ್ರಮವೂ ನಡೆಯಲಿಲ್ಲ. ಮನೆ ಹಾಳಾಗುವುದು ಮಳೆಯಿಂದಲೇ ಎಂದು ನಾವು ತಿಳಿಯುತ್ತೇವೆ. ಒಲೆ ಹೊತ್ತುವ ಮನೆಯಲ್ಲಿ ಹೆಂಚು ಸರಿದರೆ ಅದೇ ದಿನ ಯಾರಾದರೂ ಏಣಿ ಹಾಕುತ್ತಾರೆ. ದೀಪವಿಲ್ಲದ ಮನೆಯಲ್ಲಿ ಹೆಂಚು ಸರಿದದ್ದು ಯಾರಿಗೆ ಕಾಣಬೇಕು?

ಮರುವರ್ಷ, 1986ರಲ್ಲಿ, ಊರಿನ ಕೆಲವರು ಸೇರಿ ಒಂದು ಸಂಘ ಕಟ್ಟಿದರು. 'ನಮ್ಮ ಶೆಲ್ ಉಳಿಸಿ' ಎಂಬುದೇ ಸಂಘದ ಹೆಸರು. ದೊಡ್ಡ ಹಣ ಬರುವವರೆಗೆ ಕಾಯೋಣ ಎಂದು ಅವರು ಕೂರಲಿಲ್ಲ. ತಮ್ಮ ಕೈಲಾದಷ್ಟು ಶುಚಿ ಮಾಡಿ, ರಿಪೇರಿ ಮಾಡಿ, ಬೇಸಿಗೆಯಲ್ಲಿ ಉಚಿತ ಸಂಗೀತ ಸಭೆಗಳನ್ನು ನಡೆಸತೊಡಗಿದರು. ಸುಮಾರು ಎರಡು ದಶಕ ಅದೇ ಕೆಲಸ. ಇದರಲ್ಲಿ ಕೀರ್ತಿಯಿಲ್ಲ, ಕಳಸಾರೋಹಣದ ಮೆರವಣಿಗೆಯಿಲ್ಲ. ವರ್ಷಾನುಗಟ್ಟಲೆ ಕಸ ಗುಡಿಸುವುದು, ಬೆಂಚು ಸರಿಮಾಡುವುದು, ಹಾಡುವವರನ್ನು ಹುಡುಕಿ ಕರೆತರುವುದು. 2004ರ ಹೊತ್ತಿಗೆ ಮತ್ತೆ ದೀಪ ಆರಿತು. ಆದರೆ ಆ ರಂಗ ಇನ್ನೂ ಜೀವಂತವೆಂದು ಅಷ್ಟು ಕಾಲ ಊರಿಗೆ ನೆನಪಿಟ್ಟಿದ್ದರಿಂದಲೇ, ಲೆವಿಟ್ ಎಂಬ ದತ್ತಿಸಂಸ್ಥೆ ಮುಂದೆ ಬಂದಾಗ ಊರೂ ಕೈಗೂಡಿಸಿತು. ಪೂರ್ಣ ಜೀರ್ಣೋದ್ಧಾರವಾಗಿ 2008ರ ಸೆಪ್ಟೆಂಬರಿನಲ್ಲಿ ಆ ರಂಗ ಮತ್ತೆ ತೆರೆಯಿತು. ಜನ ಹುಲ್ಲಿನ ಮೇಲೆ ಕಂಬಳಿ ಹಾಸಿಕೊಂಡು, ಬುತ್ತಿ ಬಿಚ್ಚಿಕೊಂಡು, ಕಾಸಿಲ್ಲದೆ ಹಾಡು ಕೇಳುತ್ತಾರೆ. ಹಣವುಳ್ಳವನ ಹಣ, ಹಣವಿಲ್ಲದವನ ಮೈಗೆಲಸ, ಎರಡೂ ಒಂದೇ ಪಾತ್ರೆಯಲ್ಲಿ ಬೆಂದಾಗ ಅದು ದಾಸೋಹವಾಗುತ್ತದೆ ಎಂದು ನಾವು ಭಾವಿಸುತ್ತೇವೆ.

ಇಲ್ಲಿಗೆ ಮುಗಿಸಿದರೆ ಕಥೆ ಸವಿಯಾಗಿರುತ್ತದೆ. ಆದರೆ ಆ ಉದ್ಯಾನದ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು.

ಸಾರ್ವಜನಿಕ ಉದ್ಯಾನ ಎಂದೆವಲ್ಲ, ಆ ಸಾರ್ವಜನಿಕರಲ್ಲಿ ಕರಿಯ ಜನ ಸೇರಿರಲಿಲ್ಲ. ಅದೇ ಪಾರ್ಕಿನ ಮೃಗಾಲಯಕ್ಕೆ ಅವರು ವಾರಕ್ಕೆ ಒಂದೇ ದಿನ ಹೋಗಬಹುದಿತ್ತು. ತಂದೆತಾಯಿಗಳು ಮಕ್ಕಳಿಗೆ ಆನೆ ತೋರಿಸಲು ಕೂಡ ದಿನ ಎಣಿಸಬೇಕು. ಊರಿನ ಕರಿಯ ನಾಗರಿಕರು 1960ರಲ್ಲಿ ನ್ಯಾಯಾಲಯಕ್ಕೆ ಹೋದರು. ನಗರಸಭೆಯವರು 'ಒಮ್ಮೆಲೇ ಆಗದು, ಗಲಭೆಯಾದೀತು, ಮೆಲ್ಲಮೆಲ್ಲನೆ ಮಾಡುತ್ತೇವೆ' ಎಂದು ವಾದಿಸಿದರು. 1963ರ ಮೇ ತಿಂಗಳಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಇಂದಿನ ಹಕ್ಕನ್ನು ಇಂದೇ ಕೊಡಬೇಕು, ನಾಳೆಗೆ ಮುಂದೂಡಲಾಗದು ಎಂಬ ಅರ್ಥದ ತೀರ್ಪು ಕೊಟ್ಟಿತು. 'ಮೆಲ್ಲಮೆಲ್ಲನೆ' ಎಂಬ ಮಾತು ನಮ್ಮ ಕಿವಿಗೂ ಹೊಸದಲ್ಲ, ಬಂಧುಗಳೇ. ಕೆರೆಯ ಬಳಿ, ಬಾವಿಯ ಬಳಿ, ಗುಡಿಯ ಬಾಗಿಲ ಬಳಿ ನಾವೂ ಅದನ್ನು ಎಷ್ಟೋ ಸಲ ಕೇಳಿದ್ದೇವೆ.

ಮುಂದಿನ ಪ್ರಸಂಗ ಕೇಳಿ. ಆ ಉದ್ಯಾನದ ನಡುವೆಯೇ ಒಂದು ರಾಷ್ಟ್ರೀಯ ಹೆದ್ದಾರಿ ಹಾಯಿಸಬೇಕೆಂದು ಸರಕಾರ ಹೊರಟಿತ್ತು. ಸುಮಾರು 26 ಎಕರೆ ಪಾರ್ಕು ರಸ್ತೆಯ ಪಾಲಾಗುತ್ತಿತ್ತು. ಊರಿನ ಸಾಮಾನ್ಯ ಗೃಹಸ್ಥರು, ಗೃಹಿಣಿಯರು, ಮುದುಕಿಯರು ಸೇರಿ ವರ್ಷಾನುಗಟ್ಟಲೆ ಹೋರಾಡಿದರು. 1971ರ ಮಾರ್ಚ್ 2ರಂದು ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ನಿಂತಿತು. ಬೇರೆ ದಾರಿ ಇರುವಾಗ ಉದ್ಯಾನದ ನೆಲವನ್ನು ರಸ್ತೆಗೆ ಮುಟ್ಟಬಾರದೆಂಬ ಶಾಸನವನ್ನು ಅಧಿಕಾರಿಗಳು ಹಗುರವಾಗಿ ತಿಳಿಯಕೂಡದು ಎಂದಿತು. 1981ರಲ್ಲಿ ಆ ರಸ್ತೆಯ ಯೋಜನೆಯನ್ನೇ ಕೈಬಿಟ್ಟರು. ಆ ತೀರ್ಪನ್ನು ಬರೆದ ನ್ಯಾಯಮೂರ್ತಿ ಯಾರು ಬಲ್ಲಿರಾ? ತರ್ಗುಡ್ ಮಾರ್ಷಲ್, ಆ ಪೀಠವೇರಿದ ಮೊದಲನೆಯ ಕರಿಯ ನ್ಯಾಯಮೂರ್ತಿ. ಯಾರ ಜನರಿಗೆ ಆ ಪಾರ್ಕು ಬಾಗಿಲು ಹಾಕಿತ್ತೋ, ಅವರಲ್ಲೊಬ್ಬರ ಲೇಖನಿ ಆ ಪಾರ್ಕನ್ನು ಕಾಯಿತು. 2011ರಲ್ಲಿ ಅಲ್ಲಿಯ 126 ಎಕರೆ ಹಳೆಯ ಕಾಡಿಗೂ ಕಾನೂನಿನ ರಕ್ಷಣೆ ದೊರೆಯಿತು.

ಆದುದರಿಂದ ಜೀರ್ಣೋದ್ಧಾರ ಎಂಬ ಮಾತನ್ನು ನಾವು ಕಲ್ಲು ಗಾರೆಗಳಿಗೆ ಮಾತ್ರ ಕಟ್ಟಿಹಾಕಬಾರದು. ಬಾಗಿಲಲ್ಲಿ ಇವನಾರವನೆಂದು ಕೇಳುವವನು ನಿಂತಿರುವವರೆಗೆ, ಬಣ್ಣ ಎಷ್ಟು ಹೊಳೆದರೂ ಆ ಸ್ಥಳ ಜೀರ್ಣವೇ. ಎಲ್ಲರೂ ಒಳಗೆ ಬಂದಾಗ ಅದನ್ನು ಕಾಯುವವರೂ ಹೆಚ್ಚುತ್ತಾರೆ. ಹೊರಗಿಟ್ಟ ಮನುಷ್ಯ ಆ ಸ್ಥಳವನ್ನು ತನ್ನದೆಂದು ಏಕೆ ಕಾಯಬೇಕು, ಹೇಳಿ?

ನಿಮ್ಮ ನಿಮ್ಮ ಊರಿಗೆ ಹಿಂದಿರುಗಿದ ಮೇಲೆ ಅಲ್ಲಿಯ ಉದ್ಯಾನಕ್ಕೆ ಒಮ್ಮೆ ಹೋಗಿ ಬನ್ನಿ. ಲಕ್ಷಾಂತರ ರೂಪಾಯಿಯ ಯೋಜನೆ ಆಮೇಲೆ ಬರಲಿ. ಮೊದಲು ನಾಲ್ಕು ಜನ ಪೊರಕೆ ಹಿಡಿಯಿರಿ. ರಂಗದ ಮುಂದಿನ ಮುಳ್ಳು ಕೀಳಿರಿ. ಶಾಲೆಯ ಮಕ್ಕಳಿಂದ ಒಂದು ಹಾಡು ಹೇಳಿಸಿ, ಭಜನೆಯವರನ್ನು ಕರೆಯಿರಿ, ಕೇರಿಯ ಡೊಳ್ಳಿನವರನ್ನು ಅದೇ ಮೆಟ್ಟಿಲಿನಿಂದ ಅದೇ ವೇದಿಕೆಗೆ ಹತ್ತಿಸಿ. ತಿಂಗಳಿಗೊಂದು ಸಲವಾದರೂ ಅಲ್ಲಿ ದೀಪ ಉರಿಯಲಿ. ಬೆಳಕಿದ್ದಲ್ಲಿ ಸರಿದ ಹೆಂಚು ತಾನೇ ಕಾಣುತ್ತದೆ. ಪುರಸಭೆಯವರೂ ಆಗ ಬರುತ್ತಾರೆ.

ಇಂಥ ಕೆಲಸಕ್ಕೆ ನಿಮ್ಮೆಲ್ಲರಿಗೂ ಮನಸ್ಸು ಬರಲಿ, ಮನಸ್ಸು ಬಂದವರಿಗೆ ಬೇಸರ ಬಾರದಿರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.